ಅಡುಗೆ ಸೋಡಾ ಬೆರೆತ ಟೂತ್‌ಪೇಸ್ಟ್ ಮತ್ತು ಬಾಯಿಯ ಆರೋಗ್ಯ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮೀಣ ಪ್ರದೇಶದ ಕಿರಾಣಿ ಅಂಗಡಿಗಳಲ್ಲಿ ಇಂದು ಹಲವು ಬಗೆಯ ಟೂತ್‌ಪೇಸ್ಟ್ ಹಾಗೂ ಹಲ್ಲುಪುಡಿಗಳು ದೊರೆಯುತ್ತಿವೆ. ಉಪ್ಪು, ಲವಂಗ, ಬೇವು, ಇದ್ದಿಲು, ಅಡುಗೆ ಸೋಡಾ ಮುಂತಾದವುಗಳ ಹೆಸರಿನಲ್ಲಿ ಬರುವ ಈ ಉತ್ಪನ್ನಗಳು ಹಲ್ಲನ್ನು ಬೆಳ್ಳಗಾಗಿಸುವ, ಒಸಡನ್ನು ಗಟ್ಟಿಗೊಳಿಸುವ ಭರವಸೆ ನೀಡುತ್ತವೆ. ಇದರ ಜೊತೆಗೆ, ಅಡುಗೆಮನೆಯ ಸೋಡಾವನ್ನೇ ಬೆರಳಿಗೆ ಹಚ್ಚಿಕೊಂಡು ಹಲ್ಲುಜ್ಜುವ, ಅದಕ್ಕೆ ನಿಂಬೆರಸ ಬೆರೆಸಿ ತಿಕ್ಕುವ ಸಲಹೆಗಳು ಮೊಬೈಲ್ ಫೋನುಗಳ ಮೂಲಕ ಮನೆಮನೆಗೆ ತಲುಪುತ್ತಿವೆ. ಇವುಗಳಲ್ಲಿ ಯಾವುದು ಹಿತ, ಯಾವುದು ಅಹಿತ ಎಂಬ ಪ್ರಶ್ನೆಯನ್ನು ಗ್ರಾಮಸ್ಥರು ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ, ಹಲವೊಮ್ಮೆ ಪಂಚಾಯಿತಿ ಸದಸ್ಯರಲ್ಲಿಯೇ ಕೇಳುವುದುಂಟು.

ಹಲ್ಲುಜ್ಜುವುದು ಖಾಸಗಿ ವಿಷಯ, ಪಂಚಾಯಿತಿಗೆ ಇದರಲ್ಲಿ ಮಾಡುವುದೇನಿದೆ ಎಂಬ ಭಾವನೆ ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸುಮಾರು 350 ಕೋಟಿ ಜನರು ಬಾಯಿಯ ಒಂದಲ್ಲ ಒಂದು ಕಾಯಿಲೆಯಿಂದ ಬಳಲುತ್ತಿದ್ದಾರೆ. ಹಲ್ಲುನೋವಿನಿಂದ ಮಗು ಶಾಲೆ ತಪ್ಪಿಸುತ್ತದೆ, ಕೂಲಿ ಮಾಡುವವರು ದಿನದ ದುಡಿಮೆ ಕಳೆದುಕೊಳ್ಳುತ್ತಾರೆ, ಹಲ್ಲಿಲ್ಲದ ವೃದ್ಧರು ರೊಟ್ಟಿ, ಕಾಳು, ತರಕಾರಿ ಬಿಟ್ಟು ಗಂಜಿಗೆ ಇಳಿಯುತ್ತಾರೆ. ಇನ್ನೊಂದು ಕಡೆ, ಹಲ್ಲಿನ ಮೇಲೆ ಕಾಣುವ ಕಂದು ಕಲೆಗೆ ಕೆಲವು ಗ್ರಾಮಗಳಲ್ಲಿ ಕಾರಣ ಟೂತ್‌ಪೇಸ್ಟೂ ಅಲ್ಲ, ಸೋಮಾರಿತನವೂ ಅಲ್ಲ. ಪಂಚಾಯಿತಿಯೇ ಪೂರೈಸುವ ಕೊಳವೆಬಾವಿಯ ನೀರು. ಆದುದರಿಂದ ಅಡುಗೆ ಸೋಡಾ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಸದಸ್ಯರು ಸರಿಯಾಗಿ ಅರಿತಿರುವುದು ಅವಶ್ಯ.

ಅಡುಗೆ ಸೋಡಾ ಎಂದರೇನು?

ಅಡುಗೆ ಸೋಡಾದ ರಾಸಾಯನಿಕ ಹೆಸರು ಸೋಡಿಯಂ ಬೈಕಾರ್ಬನೇಟ್. ನೀರಿನಲ್ಲಿ ಸುಲಭವಾಗಿ ಕರಗುವ ಈ ಬಿಳಿ ಪುಡಿ ಸೌಮ್ಯವಾದ ಕ್ಷಾರ. ವಸ್ತುವೊಂದು ಆಮ್ಲವೋ ಕ್ಷಾರವೋ ಎಂಬುದನ್ನು ಪಿಎಚ್ ಎಂಬ ಅಳತೆಯಿಂದ ಗುರುತಿಸುತ್ತಾರೆ. ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಅಡುಗೆ ಸೋಡಾ ಕರಗಿದ ನೀರಿನ ಪಿಎಚ್ ಸುಮಾರು 8.3.

ಇದನ್ನು ಬಟ್ಟೆ ಸೋಡಾದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಬಟ್ಟೆ ತೊಳೆಯಲು ಬಳಸುವ ಸೋಡಾ ಸೋಡಿಯಂ ಕಾರ್ಬನೇಟ್ ಎಂಬ ಬೇರೆಯೇ ವಸ್ತು. ಅದರ ದ್ರಾವಣದ ಪಿಎಚ್ 11ರಷ್ಟಿದ್ದು, ಬಾಯಿಯ ಒಳಚರ್ಮವನ್ನು ಸುಡಬಲ್ಲದು. ನೋಡಲು ಎರಡೂ ಬಿಳಿಯ ಪುಡಿಗಳೇ. ಹೆಸರಿನ ಚೀಟಿಯಿಲ್ಲದೆ ಬಿಡಿಯಾಗಿ ಕಟ್ಟಿಕೊಡುವ ಪೊಟ್ಟಣಗಳಲ್ಲಿ ಒಂದರ ಬದಲು ಇನ್ನೊಂದು ಬಾಯಿಗೆ ಹೋಗುವ ಅಪಾಯವಿದೆ.

ಮನುಷ್ಯನ ಲಾಲಾರಸದಲ್ಲಿ ಬೈಕಾರ್ಬನೇಟ್ ಸ್ವಾಭಾವಿಕವಾಗಿಯೇ ಇದೆ. ಊಟದ ನಂತರ ಬಾಯಿಯಲ್ಲಿ ಉಂಟಾಗುವ ಆಮ್ಲವನ್ನು ತಗ್ಗಿಸುವ ಕೆಲಸವನ್ನು ಅದು ದಿನವಿಡೀ ಮಾಡುತ್ತಿರುತ್ತದೆ. ಟೂತ್‌ಪೇಸ್ಟಿನಲ್ಲಿ ಬೆರೆಸುವ ಸೋಡಾ ಇದೇ ಕೆಲಸಕ್ಕೆ ಸ್ವಲ್ಪ ಹೊತ್ತು ಕೈಜೋಡಿಸುತ್ತದೆ.

ಹಲ್ಲು ಹುಳುಕಾಗುವ ಬಗೆ

ಹಲ್ಲಿನ ಹೊರಗವಚಕ್ಕೆ ಎನಾಮಲ್ ಎಂದು ಹೆಸರು. ಇದು ಮಾನವ ಶರೀರದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಮೂಳೆ ಮುರಿದರೆ ಕೂಡಿಕೊಳ್ಳುವಂತೆ, ಚರ್ಮ ಹರಿದರೆ ಮಾಯುವಂತೆ, ಸವೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಹಲ್ಲಿನ ಮೇಲೆ ಕಟ್ಟುವ ಅಂಟಾದ ಪಾಚಿಯಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಸಕ್ಕರೆ, ಬೆಲ್ಲ, ಬಿಸ್ಕತ್ತು, ಚಾಕೊಲೇಟ್, ಸಿಹಿಯಾದ ಚಹಾ ಮುಂತಾದವು ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಲಾಲಾರಸವು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಈ ಆಮ್ಲವನ್ನು ಶಮನಗೊಳಿಸಿ, ಕಳೆದುಹೋದ ಖನಿಜದ ಒಂದು ಭಾಗವನ್ನು ಮರಳಿ ಹಲ್ಲಿಗೆ ತುಂಬುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಎಷ್ಟು ಸಿಹಿ ತಿಂದರು ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಬಾರಿ ತಿಂದರು ಎಂಬುದೂ ಮುಖ್ಯ. ಊಟದ ಜೊತೆ ಒಮ್ಮೆ ಸಿಹಿ ತಿನ್ನುವುದಕ್ಕಿಂತ ದಿನವಿಡೀ ಸ್ವಲ್ಪ ಸ್ವಲ್ಪ ಮೆಲ್ಲುವುದು ಹಲ್ಲಿಗೆ ಹೆಚ್ಚು ಹಾನಿಕರ. ಎರಡನೆಯದಾಗಿ, ನಿದ್ರೆಯಲ್ಲಿ ಲಾಲಾರಸದ ಹರಿವು ಬಹಳ ಕಡಿಮೆಯಾಗುವುದರಿಂದ ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು ಬೆಳಗಿನ ಉಜ್ಜುವಿಕೆಗಿಂತಲೂ ಅಗತ್ಯ. ಗ್ರಾಮಗಳಲ್ಲಿ ಹೆಚ್ಚಿನವರು ಬೆಳಿಗ್ಗೆ ಒಮ್ಮೆ ಮಾತ್ರ ಹಲ್ಲುಜ್ಜುವ ರೂಢಿಯುಳ್ಳವರು.

ಸೋಡಾ ಬೆರೆತ ಟೂತ್‌ಪೇಸ್ಟಿನ ಪ್ರಯೋಜನಗಳು

ಟೂತ್‌ಪೇಸ್ಟಿನಲ್ಲಿ ಹಲ್ಲನ್ನು ತಿಕ್ಕಿ ಶುಚಿಗೊಳಿಸಲು ನುಣುಪಾದ ಪುಡಿಯೊಂದನ್ನು ಸೇರಿಸಿರುತ್ತಾರೆ. ಸಾಮಾನ್ಯವಾಗಿ ಅದು ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬನೇಟ್. ಅಡುಗೆ ಸೋಡಾ ಇವೆರಡಕ್ಕಿಂತಲೂ ಮೃದು. ವಸ್ತುಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಎನಾಮಲ್ ಸುಮಾರು 5ರಷ್ಟಿದ್ದರೆ ಅಡುಗೆ ಸೋಡಾ ಸುಮಾರು 2.5. ಅಲ್ಲದೆ ಸೋಡಾದ ಹರಳುಗಳು ನೀರಿನಲ್ಲಿ ಬೇಗ ಕರಗುತ್ತವೆ. ಹೀಗಾಗಿ ಸರಿಯಾಗಿ ತಯಾರಾದ ಸೋಡಾ ಟೂತ್‌ಪೇಸ್ಟ್ ಹಲ್ಲನ್ನು ಸವೆಸುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಇಂತಹ ಪೇಸ್ಟಿನಿಂದ ಆಗುವ ಪ್ರಯೋಜನಗಳು ನಾಲ್ಕು. ಹಲ್ಲಿನ ಮೇಲಿನ ಪಾಚಿ ಚೆನ್ನಾಗಿ ಬಿಡುತ್ತದೆ. ಚಹಾ, ಕಾಫಿ, ಎಲೆ ಅಡಿಕೆಯಿಂದ ಹಲ್ಲಿನ ಹೊರಮೈಗೆ ಅಂಟಿದ ಕಲೆ ತಕ್ಕಮಟ್ಟಿಗೆ ತೆಳುವಾಗುತ್ತದೆ. ಬಾಯಿಯ ಆಮ್ಲ ಸ್ವಲ್ಪ ಕಾಲ ತಗ್ಗುತ್ತದೆ. ಬಾಯಿಯ ದುರ್ವಾಸನೆಗೆ ಕಾರಣವಾದ ಗಂಧಕಯುಕ್ತ ಅನಿಲಗಳು ಕಡಿಮೆಯಾಗುತ್ತವೆ.

ಈ ವಿಷಯದಲ್ಲಿ ಸಂಶೋಧನೆಗಳು ಸಾಕಷ್ಟು ನಡೆದಿವೆ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯು 2017ರ ನವೆಂಬರ್‌ನಲ್ಲಿ ಇದಕ್ಕಾಗಿಯೇ ವಿಶೇಷ ಪುರವಣಿಯೊಂದನ್ನು ಹೊರತಂದಿತು. ಒಮ್ಮೆ ಹಲ್ಲುಜ್ಜಿದಾಗ ಪಾಚಿ ಬಿಡಿಸುವುದರಲ್ಲಿ ಸೋಡಾ ಪೇಸ್ಟ್ ಮುಂದಿದೆ ಎಂದು ಅಧ್ಯಯನಗಳು ತೋರಿಸಿವೆ. ತಿಂಗಳುಗಟ್ಟಲೆ ಬಳಸಿ ನೋಡಿದಾಗ ಒಸಡಿನ ಆರೋಗ್ಯದಲ್ಲಿ ಕಂಡುಬರುವ ಹೆಚ್ಚುವರಿ ಲಾಭ ಸಣ್ಣದು. ಇವುಗಳಲ್ಲಿ ಹಲವು ಅಧ್ಯಯನಗಳು ಸೋಡಾ ಟೂತ್‌ಪೇಸ್ಟ್ ತಯಾರಿಸುವ ಕಂಪನಿಗಳ ನೆರವಿನಿಂದಲೇ ನಡೆದವು ಎಂಬುದನ್ನೂ ಗಮನದಲ್ಲಿಡಬೇಕು. ಒಟ್ಟಿನಲ್ಲಿ ಸೋಡಾ ಟೂತ್‌ಪೇಸ್ಟ್ ಅಪಾಯಕಾರಿಯಲ್ಲ, ಶುಚಿಗೊಳಿಸುವುದರಲ್ಲಿ ಒಳ್ಳೆಯದು. ಆದರೆ ಸರ್ವರೋಗ ನಿವಾರಕವಲ್ಲ.

ಸೋಡಾ ಮಾಡಲಾರದ ಕೆಲಸ

ದಂತಕ್ಷಯವನ್ನು ತಡೆಯುವುದು ಸೋಡಾದಿಂದ ಮಾತ್ರ ಆಗುವ ಕೆಲಸವಲ್ಲ. ಸೋಡಾದ ಪರಿಣಾಮ ಬಾಯಿ ಮುಕ್ಕಳಿಸಿದ ಸ್ವಲ್ಪ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಹಲ್ಲಿನ ಮೇಲ್ಮೈಯಲ್ಲಿ ಉಳಿದು, ಕರಗಿದ ಖನಿಜವನ್ನು ಮರಳಿ ತುಂಬಲು ನೆರವಾಗಿ, ಮುಂದಿನ ಆಮ್ಲದಾಳಿಗೆ ಹಲ್ಲನ್ನು ಗಟ್ಟಿಗೊಳಿಸುವ ವಸ್ತು ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಭಾರತದ ನಿಯಮಗಳ ಪ್ರಕಾರ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಪ್ರಮಾಣ 1000 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಸಾವಿರ ಭಾಗವನ್ನು ಮೀರುವಂತಿಲ್ಲ. ಆ ಪ್ರಮಾಣವನ್ನು ಟ್ಯೂಬಿನ ಮೇಲೂ ಪೆಟ್ಟಿಗೆಯ ಮೇಲೂ ಮುದ್ರಿಸಿರಬೇಕು. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ಎಂಬ ಹೆಸರು ಅಲ್ಲಿ ಕಂಡುಬಂದರೆ ಅದು ಫ್ಲೋರೈಡ್ ಪೇಸ್ಟ್ ಎಂದು ತಿಳಿಯಬಹುದು. ಸೋಡಾ ಮತ್ತು ಫ್ಲೋರೈಡ್ ಎರಡೂ ಇರುವ ಪೇಸ್ಟುಗಳೂ ಉಂಟು, ಸೋಡಾ ಮಾತ್ರ ಇರುವವೂ ಉಂಟು. ಮೊದಲನೆಯದು ಶುಚಿತ್ವ ಮತ್ತು ರಕ್ಷಣೆ ಎರಡನ್ನೂ ನೀಡುತ್ತದೆ. ಎರಡನೆಯದು ಶುಚಿತ್ವವನ್ನು ಮಾತ್ರ. ಆದುದರಿಂದ ಪೆಟ್ಟಿಗೆಯ ಮುಂಭಾಗದಲ್ಲಿರುವ ದೊಡ್ಡ ಅಕ್ಷರಗಳಿಗಿಂತ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವುದು ಹೆಚ್ಚು ಉಪಯುಕ್ತ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ರಕ್ಷಣೆ ಹೆಚ್ಚೆಂದು ಭಾವಿಸಬೇಕಾಗಿಲ್ಲ. ಕಡಿಮೆ ಬೆಲೆಯ ಸಾಧಾರಣ ಫ್ಲೋರೈಡ್ ಪೇಸ್ಟ್ ಸಹ ದಂತಕ್ಷಯದಿಂದ ಕಾಪಾಡುತ್ತದೆ.

ಈಗಾಗಲೇ ಕುಳಿ ಬಿದ್ದ ಹಲ್ಲನ್ನು ಯಾವ ಪೇಸ್ಟೂ ತುಂಬಲಾರದು. ಕಲ್ಲಿನಂತೆ ಗಟ್ಟಿಯಾಗಿ ಹಲ್ಲಿನ ಬುಡದಲ್ಲಿ ಕಟ್ಟಿದ ಗಾರೆಯನ್ನು ಸೋಡಾ ಕರಗಿಸಲಾರದು. ಇವೆರಡಕ್ಕೂ ದಂತವೈದ್ಯರ ಚಿಕಿತ್ಸೆಯೇ ದಾರಿ.

ಅಡುಗೆಮನೆಯ ಸೋಡಾವನ್ನೇ ಬಳಸಿದರೆ?

ತಯಾರಾದ ಟೂತ್‌ಪೇಸ್ಟಿಗೂ ಡಬ್ಬಿಯಲ್ಲಿರುವ ಸೋಡಾಕ್ಕೂ ವ್ಯತ್ಯಾಸವಿದೆ. ಬರಿಯ ಸೋಡಾದಲ್ಲಿ ಫ್ಲೋರೈಡ್ ಇಲ್ಲ. ಒಣ ಪುಡಿಯನ್ನು ಒಸಡಿನ ಮೇಲೆ ಬಲವಾಗಿ ತಿಕ್ಕಿದರೆ ಒಸಡು ಕೆರಳುತ್ತದೆ. ಎಂದಾದರೊಮ್ಮೆ ಬಳಸಿದರೆ ಹಾನಿಯಿಲ್ಲವಾದರೂ ಪ್ರತಿದಿನದ ಟೂತ್‌ಪೇಸ್ಟಿಗೆ ಅದು ಬದಲಿಯಾಗಲಾರದು.

ಸೋಡಾ ತೂಕದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಸೋಡಿಯಂ. ಒಂದು ಗ್ರಾಂ ಸೋಡಾದಲ್ಲಿ ಸುಮಾರು 274 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಯಸ್ಕರು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಲ್ಲುಜ್ಜಿ ಉಗಿದುಬಿಟ್ಟರೆ ತೊಂದರೆಯಿಲ್ಲ. ಆದರೆ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಹಾಗೂ ಉಗಿಯಲು ಬಾರದ ಚಿಕ್ಕ ಮಕ್ಕಳು ಅದನ್ನು ನುಂಗದಂತೆ ಎಚ್ಚರ ವಹಿಸಬೇಕು.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸೋಡಾಕ್ಕೆ ನಿಂಬೆರಸ ಬೆರೆಸುವ ಪದ್ಧತಿಯಲ್ಲಿ. ನಿಂಬೆರಸದ ಪಿಎಚ್ 2ರಿಂದ 3ರೊಳಗೆ ಇರುತ್ತದೆ. ಎನಾಮಲ್ ಕರಗತೊಡಗುವ 5.5ಕ್ಕಿಂತ ಇದು ಬಹಳ ಕೆಳಗೆ. ಎರಡನ್ನೂ ಬೆರೆಸಿದಾಗ ಬರುವ ನೊರೆ ಹಲ್ಲಿನ ಕೊಳೆ ಹೊರಬರುತ್ತಿರುವ ಗುರುತಲ್ಲ. ಆಮ್ಲ ಮತ್ತು ಕ್ಷಾರ ಸೇರಿ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗುವುದರ ಪರಿಣಾಮ. ನಿಂಬೆರಸ ಹೆಚ್ಚಾದರೆ ಉಳಿದ ಆಮ್ಲ ಹಲ್ಲನ್ನು ಮೆತ್ತಗಾಗಿಸುತ್ತದೆ, ತಿಕ್ಕುವಿಕೆ ಅದನ್ನು ಸವೆಸುತ್ತದೆ. ಆರಂಭದಲ್ಲಿ ಹೊಳಪು ಬಂದಂತೆ ಕಂಡರೂ ಎನಾಮಲ್ ತೆಳುವಾದಂತೆ ಒಳಗಿನ ಹಳದಿ ಪದರ ಮೇಲೆದ್ದು ಕಾಣುತ್ತದೆ. ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನತೊಡಗುತ್ತದೆ.

ಸೋಡಾಕ್ಕೆ ಸೂಕ್ತವಾದ ಬಳಕೆಯೂ ಉಂಟು. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಕಾಲು ಚಮಚ ಸೋಡಾ ಹಾಕಿ ಮುಕ್ಕಳಿಸುವುದರಿಂದ ಬಾಯಿ ಒಣಗುವವರಿಗೆ ಮತ್ತು ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯಿ ಹುಣ್ಣಾದವರಿಗೆ ಹಿತವಾಗುತ್ತದೆ. ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳಿ ಇದನ್ನು ಅನುಸರಿಸಬೇಕು.

ಇದ್ದಿಲು, ಬೂದಿ, ಮಿಶ್ರಿ

ಹಿಂದಿನಿಂದ ಬಂದ ಪದ್ಧತಿಗಳೆಲ್ಲವೂ ತಪ್ಪಲ್ಲ. ಬೇವಿನ ಅಥವಾ ಹೊಂಗೆಯ ಕಡ್ಡಿಯನ್ನು ಜಗಿದು ಕುಂಚದಂತೆ ಮಾಡಿ, ಒಸಡಿಗೆ ಗಾಯವಾಗದಂತೆ ಉಜ್ಜಿದರೆ ಪಾಚಿ ಬಿಡುತ್ತದೆ. ಕಡ್ಡಿಯಿಂದ ಉಜ್ಜುವ ಹಿರಿಯರು ಅದನ್ನು ಬಿಡಬೇಕಾಗಿಲ್ಲ. ರಾತ್ರಿ ಒಮ್ಮೆ ಫ್ಲೋರೈಡ್ ಪೇಸ್ಟ್ ಬಳಸಿದರೆ ಕೊರತೆ ನೀಗುತ್ತದೆ.

ಇಟ್ಟಿಗೆ ಪುಡಿ, ಮರಳು, ಒರಟಾದ ಇದ್ದಿಲು ಹಾಗೂ ಭತ್ತದ ಉಮಿ ಸುಟ್ಟ ಕರಿ ಹಾಗಲ್ಲ. ಉಮಿಯಲ್ಲಿ ಸಿಲಿಕಾ ಅಂಶ ಹೇರಳವಾಗಿದ್ದು, ಬೆರಳಿನಿಂದ ಅಡ್ಡಡ್ಡ ತಿಕ್ಕಿದಾಗ ಹಲ್ಲು ಒಸಡು ಸೇರುವ ಜಾಗದಲ್ಲಿ ಗಾಡಿಯಂತಹ ಗೀರು ಬೀಳುತ್ತದೆ. ಸೋಡಾ ಟೂತ್‌ಪೇಸ್ಟ್ ಹಲ್ಲು ಸವೆಸುತ್ತದೆಂದು ಹೆದರುವ ಕುಟುಂಬವೇ ಇದ್ದಿಲಿನ ಪುಡಿಯಿಂದ ನಿರ್ಭಯವಾಗಿ ಉಜ್ಜುವುದುಂಟು. ವಾಸ್ತವದಲ್ಲಿ ಸವೆಸುವ ಶಕ್ತಿ ಎರಡನೆಯದಕ್ಕೇ ಹೆಚ್ಚು.

ಎಲ್ಲಕ್ಕಿಂತ ಅಪಾಯಕಾರಿ ತಂಬಾಕಿನ ಹಲ್ಲುಪುಡಿ. ತಂಬಾಕನ್ನು ಹುರಿದು ಅಥವಾ ಸುಟ್ಟು ಪುಡಿ ಮಾಡಿದ ಮಿಶ್ರಿಯನ್ನು ಮಹಾರಾಷ್ಟ್ರಕ್ಕೆ ಹೊಂದಿಕೊಂಡ ಭಾಗಗಳಲ್ಲಿ, ವಿಶೇಷವಾಗಿ ಮಹಿಳೆಯರು, ಹಲ್ಲುಜ್ಜುವ ಹೆಸರಿನಲ್ಲಿ ಬಳಸುತ್ತಾರೆ. ಹಲ್ಲುನೋವು ಮರೆಸುತ್ತದೆ ಎಂದು ಆರಂಭವಾಗುವ ಅಭ್ಯಾಸ ಚಟವಾಗಿ ಬೆಳೆಯುತ್ತದೆ. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರವು 1992ರಲ್ಲಿಯೇ ನಿಷೇಧಿಸಿದೆ. ತಂಬಾಕು, ಗುಟ್ಕಾ, ಅಡಿಕೆ ಸೇವಿಸುವವರು ಕಲೆ ಹೋಗಲೆಂದು ಸೋಡಾದಿಂದ ತಿಕ್ಕಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ. ಕಲೆ ತೊಲಗಿದರೂ ಒಳಗಿನ ಅಪಾಯ ಹಾಗೆಯೇ ಉಳಿಯುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಗಿದರೆ ಉರಿಯುವುದು ಇವುಗಳಲ್ಲಿ ಯಾವುದು ಕಂಡುಬಂದರೂ ತಡಮಾಡದೆ ತಪಾಸಣೆಗೆ ಹೋಗಬೇಕು. ಬಾಯಿಯ ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಉಜ್ಜಿದರೂ ಹೋಗದ ಕಲೆ: ಕಾರಣ ನೀರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ ಮುಂತಾದ ಜಿಲ್ಲೆಗಳ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಾಗಿದೆ. ಕಲ್ಲಿನಲ್ಲಿರುವ ಫ್ಲೋರೈಡ್ ಆಳದ ನೀರಿನಲ್ಲಿ ಕರಗಿ ಸೇರುವುದೇ ಇದಕ್ಕೆ ಕಾರಣ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು.

ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಮಗು ಇಂತಹ ನೀರು ಕುಡಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಮೂಡುವಾಗಲೇ ಸುಣ್ಣದಂತಹ ಬಿಳಿ ಗೆರೆಗಳಿರುತ್ತವೆ. ನಂತರ ಅವು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತವೆ. ಈ ಕಲೆ ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲಿನೊಳಗೇ ಇರುವಂಥದ್ದು. ಸೋಡಾದಿಂದಾಗಲಿ, ಇದ್ದಿಲಿನಿಂದಾಗಲಿ, ನಿಂಬೆಯಿಂದಾಗಲಿ ಅದು ಹೋಗುವುದಿಲ್ಲ. ಮೊದಲೇ ದುರ್ಬಲವಾದ ಎನಾಮಲ್ ತಿಕ್ಕಿದಷ್ಟೂ ಸವೆಯುತ್ತದೆ.

ಈ ಸಂಗತಿ ತಿಳಿಯದೆ ಮಕ್ಕಳನ್ನು ಹಲ್ಲುಜ್ಜದ ಸೋಮಾರಿಗಳೆಂದು ಗದರಿಸುವುದು, ಸಹಪಾಠಿಗಳು ಹೀಯಾಳಿಸುವುದು ನಡೆಯುತ್ತದೆ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಮಕ್ಕಳು ಇಂತಹ ಗ್ರಾಮಗಳಲ್ಲಿ ಕಾಣಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಸಂಬಂಧ ನೋಡುವಾಗಲೂ ಇದು ಮಾತಿಗೆ ಬರುತ್ತದೆ. ತಪ್ಪು ಮಗುವಿನದಲ್ಲ. ಒಂದೇ ಕೊಳವೆಬಾವಿಯ ನೀರು ಕುಡಿಯುವ ಹಲವು ಮಕ್ಕಳ ಮುಂಹಲ್ಲುಗಳಲ್ಲಿ ಒಂದೇ ಬಗೆಯ ಕಲೆ ಕಂಡರೆ ಅದನ್ನು ನೀರಿನ ಬಗೆಗಿನ ಎಚ್ಚರಿಕೆ ಎಂದು ಪಂಚಾಯಿತಿ ಪರಿಗಣಿಸಬೇಕು. ಹಲವು ವರ್ಷ ಅದೇ ನೀರನ್ನು ಸೇವಿಸಿದವರಿಗೆ ಮುಂದೆ ಮೂಳೆ ಮತ್ತು ಕೀಲುಗಳ ಬಾಧೆಯೂ ಕಾಣಿಸಿಕೊಳ್ಳಬಹುದು.

ಇಲ್ಲಿ ಸಹಜವಾದ ಪ್ರಶ್ನೆಯೊಂದು ಏಳುತ್ತದೆ. ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರುವ ಗ್ರಾಮದಲ್ಲಿ ಫ್ಲೋರೈಡ್ ಪೇಸ್ಟ್ ಬಳಸಬಹುದೇ? ಲೆಕ್ಕವೊಂದನ್ನು ಗಮನಿಸಿದರೆ ಉತ್ತರ ತಿಳಿಯುತ್ತದೆ. ಬಟಾಣಿ ಕಾಳಿನಷ್ಟು, ಅಂದರೆ ಸುಮಾರು ಕಾಲು ಗ್ರಾಂ ಪೇಸ್ಟಿನಲ್ಲಿ, ಅದು 1000 ಪಿಪಿಎಂ ಇದ್ದರೂ, ಫ್ಲೋರೈಡ್ ಇರುವುದು 0.25 ಮಿಲಿಗ್ರಾಂ ಮಾತ್ರ. ಅದರಲ್ಲೂ ಹೆಚ್ಚಿನ ಭಾಗ ಉಗಿಯುವುದರಲ್ಲಿ ಹೋಗುತ್ತದೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ ಒಡಲು ಸೇರುವುದು 3 ಮಿಲಿಗ್ರಾಂ, ಹನ್ನೆರಡು ಪಟ್ಟು. ಆದ್ದರಿಂದ ಸರಿಪಡಿಸಬೇಕಾದುದು ಮೊದಲು ನೀರು. ದೊಡ್ಡವರು ಫ್ಲೋರೈಡ್ ಪೇಸ್ಟ್ ಬಳಸಿ ಉಗಿಯುವುದರಿಂದ ಬಾಧಕವಿಲ್ಲ. ಆರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಮಾತ್ರ ಪ್ರಮಾಣ ಮಿತವಾಗಿರಬೇಕು, ದೊಡ್ಡವರು ಎದುರಿಗಿದ್ದು ಉಗಿಯಿಸಬೇಕು. ಫ್ಲೋರೈಡ್ ಬಾಧಿತ ಗ್ರಾಮಗಳಲ್ಲಿ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಸೂಕ್ತವೆಂಬುದನ್ನು ದಂತವೈದ್ಯರಲ್ಲಿ ಕೇಳಿ ನಿರ್ಧರಿಸುವುದು ಒಳಿತು.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಕುದಿಸಿದಾಗ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಮತ್ತಷ್ಟು ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಅದು ಬೇರ್ಪಡುವುದಿಲ್ಲ. ನದಿ ಅಥವಾ ಕೆರೆ ಮೂಲದ ನೀರು, ಮಳೆನೀರು ಸಂಗ್ರಹ, ಅಥವಾ ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕ ಇವೇ ಪರಿಹಾರಗಳು.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ನೀರಿನ ಪರೀಕ್ಷೆ: ಕುಡಿಯುವ ನೀರಿನ ಪ್ರತಿಯೊಂದು ಮೂಲಕ್ಕೂ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ ನಡೆಯಬೇಕು. ಜಲ ಜೀವನ್ ಮಿಷನ್ ಅಡಿ ಗ್ರಾಮದ ಐವರಿಗೆ, ಆದ್ಯತೆಯ ಮೇಲೆ ಮಹಿಳೆಯರಿಗೆ, ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಲು ಅವಕಾಶವಿದೆ. ಫ್ಲೋರೈಡ್ ಫಲಿತಾಂಶವನ್ನು ಕೊಳವೆಬಾವಿವಾರು ಬರೆದು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು ಮತ್ತು ಗ್ರಾಮಸಭೆಯಲ್ಲಿ ಓದುವುದು ಸೂಕ್ತ. ಮಿತಿ ಮೀರಿದ ಮೂಲದ ನೀರನ್ನು ಕುಡಿಯಲು ಹಾಗೂ ಅಡುಗೆಗೆ ಬಳಸದಂತೆ ತಿಳಿಸಿ, ಬದಲಿ ವ್ಯವಸ್ಥೆಗೆ ಕ್ರಮ ವಹಿಸಬೇಕು.

2. ಶುದ್ಧ ನೀರಿನ ಘಟಕ: ಘಟಕ ಸ್ಥಾಪನೆಯಾದರೆ ಸಾಲದು, ಫಿಲ್ಟರ್ ಬದಲಾವಣೆ ಮತ್ತು ದುರಸ್ತಿ ಕಾಲಕಾಲಕ್ಕೆ ಆಗಬೇಕು. ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷಿಸಬೇಕು. ಶಾಲೆಯ ಬಿಸಿಯೂಟ ಮತ್ತು ಅಂಗನವಾಡಿಯ ಅಡುಗೆಗೆ ಯಾವ ನೀರು ಬಳಕೆಯಾಗುತ್ತಿದೆ ಎಂಬುದನ್ನು ಸದಸ್ಯರು ಖುದ್ದಾಗಿ ವಿಚಾರಿಸಬೇಕು.

3. ಮಕ್ಕಳ ತಪಾಸಣೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡುತ್ತದೆ. ಹಲ್ಲಿನ ತೊಂದರೆಯೂ ಈ ತಪಾಸಣೆಯ ವ್ಯಾಪ್ತಿಯಲ್ಲಿದೆ. ಚಿಕಿತ್ಸೆಗೆ ಶಿಫಾರಸಾದ ಮಕ್ಕಳು ನಿಜವಾಗಿಯೂ ತಾಲ್ಲೂಕು ಆಸ್ಪತ್ರೆಗೆ ಹೋದರೇ ಎಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕ ಖಚಿತಪಡಿಸಿಕೊಳ್ಳಬೇಕು. ಶಿಫಾರಸು ಚೀಟಿ ಮನೆಯಲ್ಲಿಯೇ ಉಳಿದುಹೋದರೆ ತಪಾಸಣೆಯ ಫಲ ಮಗುವಿಗೆ ದೊರೆಯುವುದಿಲ್ಲ.

4. ಹಲ್ಲುಜ್ಜುವ ತಿಳಿವಳಿಕೆ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಹಾಗೂ ಮಕ್ಕಳ ಗ್ರಾಮಸಭೆಯಲ್ಲಿ ಈ ಕೆಳಗಿನ ಸರಳ ಸೂಚನೆಗಳನ್ನು ತಿಳಿಸಬಹುದು. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಎರಡೆರಡು ನಿಮಿಷ, ಮೃದುವಾದ ಬ್ರಷ್‌ನಿಂದ, ಹೆಚ್ಚು ಒತ್ತಡ ಹಾಕದೆ ಉಜ್ಜಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಜ್ಜಿದ ಬಳಿಕ ನೊರೆಯನ್ನು ಉಗಿಯಬೇಕು. ಬಹಳ ನೀರಿನಿಂದ ಮತ್ತೆ ಮತ್ತೆ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬಾರದು. ಎಳೆಗಳು ಬಾಗಿದ ಬ್ರಷ್ ಬದಲಾಯಿಸಬೇಕು.

5. ಅಂಗಡಿಗಳ ಕಡೆ ಗಮನ: ಇಪ್ಪತ್ತೊಂದು ವರ್ಷದೊಳಗಿನವರಿಗೆ ಹಾಗೂ ಶಿಕ್ಷಣ ಸಂಸ್ಥೆಗಳಿಂದ ನೂರು ಮೀಟರಿನೊಳಗೆ ತಂಬಾಕು ಉತ್ಪನ್ನ ಮಾರುವುದನ್ನು ರಾಜ್ಯದಲ್ಲಿ ತಿದ್ದುಪಡಿಯಾದ 2003ರ ತಂಬಾಕು ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ತಂಬಾಕು ಬೆರೆತ ಹಲ್ಲುಪುಡಿ ಮಾರಾಟ ಕಂಡುಬಂದರೆ ಆರೋಗ್ಯ ಇಲಾಖೆಯ ಗಮನಕ್ಕೆ ತರಬೇಕು. ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾವನ್ನು ಬೇರೆ ಬೇರೆಯಾಗಿ, ಹೆಸರು ಬರೆದು ಕಟ್ಟಿಕೊಡುವಂತೆ ವ್ಯಾಪಾರಿಗಳಿಗೆ ತಿಳಿಹೇಳಬೇಕು.

6. ಹಿರಿಯರ ಹಲ್ಲು: ಹಲ್ಲು ಕಳೆದುಕೊಂಡ ಬಡ ಕುಟುಂಬಗಳ ಹಿರಿಯರಿಗೆ ದಂತಪಂಕ್ತಿ ಒದಗಿಸಲು ರಾಜ್ಯದಲ್ಲಿ ದಂತಭಾಗ್ಯ ಯೋಜನೆ ರೂಪುಗೊಂಡಿದೆ. ಅರ್ಹರ ಹೆಸರುಗಳನ್ನು ಗುರುತಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಮೂಲಕ ಮಾಹಿತಿ ಪಡೆದು ನೆರವಾಗುವುದು ಸದಸ್ಯರಿಂದ ಸಾಧ್ಯ.

ಸಾರಾಂಶ

ಅಡುಗೆ ಸೋಡಾ ಬೆರೆತ ಟೂತ್‌ಪೇಸ್ಟ್ ಹಲ್ಲನ್ನು ಮೃದುವಾಗಿ ಶುಚಿಗೊಳಿಸುತ್ತದೆ, ಹೊರಮೈಯ ಕಲೆಯನ್ನು ತಗ್ಗಿಸುತ್ತದೆ, ಬಾಯಿಯ ಆಮ್ಲವನ್ನು ಸ್ವಲ್ಪ ಕಾಲ ಶಮನಗೊಳಿಸುತ್ತದೆ. ಅದರಲ್ಲಿ ಫ್ಲೋರೈಡ್ ಇದ್ದರೆ ದಂತಕ್ಷಯದಿಂದ ರಕ್ಷಣೆಯೂ ದೊರೆಯುತ್ತದೆ. ಡಬ್ಬಿಯ ಸೋಡಾ ಇದಕ್ಕೆ ಬದಲಿಯಲ್ಲ. ನಿಂಬೆ ಬೆರೆಸಿದ ಸೋಡಾ ಹಾನಿಕರ. ತಂಬಾಕಿನಿಂದ ಬಂದ ಅಪಾಯವನ್ನೂ ನೀರಿನಿಂದ ಬಂದ ಕಲೆಯನ್ನೂ ಯಾವ ಪೇಸ್ಟೂ ಅಳಿಸಲಾರದು.

ಯಾವ ಪೇಸ್ಟ್ ಕೊಳ್ಳಬೇಕೆಂಬುದು ಕುಟುಂಬದ ತೀರ್ಮಾನ. ನಲ್ಲಿಯಲ್ಲಿ ಯಾವ ನೀರು ಬರಬೇಕೆಂಬುದು ಗ್ರಾಮ ಪಂಚಾಯಿತಿಯ ಹೊಣೆ. ಕಂದು ಹಲ್ಲಿನ ಮಗುವಿಗೆ ಮತ್ತಷ್ಟು ಉಜ್ಜೆಂದು ಹೇಳುವ ಮೊದಲು ಆ ಮಗು ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ನೋಡುವ ರೂಢಿ ಪ್ರತಿಯೊಂದು ಪಂಚಾಯಿತಿಯಲ್ಲಿ ಬೆಳೆದರೆ, ಇಂದು ಹುಟ್ಟುವ ಮಕ್ಕಳ ಶಾಶ್ವತ ಹಲ್ಲುಗಳು ಕಲೆಯಿಲ್ಲದೆ ಮೂಡುವುದು ಸಾಧ್ಯವಾಗುತ್ತದೆ.